ಎಡಗಾಲಿನ ಲೇಸು

ಮೆಟ್ಟಿಲ ಅರ್ಧದಲ್ಲಿ ಅವಳು ನಿಂತುಬಿಟ್ಟಳು. ಕೈಯಲ್ಲಿ ಬಿಸಿ ಟವೆಲುಗಳ ತಟ್ಟೆಯಿತ್ತು. ಹಬೆ ಗಲ್ಲಕ್ಕೆ ತಾಕುತ್ತಿತ್ತು. ಕೆಳಗೆ ಕ್ಷೌರದ ಅಂಗಡಿಯಲ್ಲಿ ಅಣ್ಣ ಫೋನು ಹಿಡಿದು ಗಟ್ಟಿಯಾಗಿ ಓದುತ್ತಿದ್ದ, ಮತ್ತು ಅವನು ಓದುತ್ತಿದ್ದುದು ಅವಳ ವಾಕ್ಯಗಳನ್ನು. ಅವಳವು ಎಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಒಳಬಟ್ಟೆಯನ್ನು ಯಾರೋ ಬೀದಿಯ ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸಿದ ಹಾಗೆ ಅನ್ನಿಸಿತು ಅವಳಿಗೆ; ಯಾರದೆಂದು ಯಾರಿಗೂ ತಿಳಿಯುವುದಿಲ್ಲ, ಆದರೂ ಮೈಯೆಲ್ಲ ಕಾವೇರುತ್ತದೆ. ‘ಈತ ಎಡಗಾಲಿನ ಲೇಸು ಕಟ್ಟಲು ಮಂಡಿಯೂರುವುದಿಲ್ಲ,’ ಅಣ್ಣ ಓದಿದ, ಶಾಲೆಯಲ್ಲಿ ಪಾಠ ಓದಿದ ಹಾಗೆ ಒಂದೊಂದೇ ಪದಕ್ಕೂ ತೂಕ ಕೊಟ್ಟು. ‘ಬಲಗಾಲಿಗೆ ಊರುತ್ತಾನೆ. ಎಡಗಾಲಿಗೆ ಮಾತ್ರ ಅಂಚಿನ ಕಂಬಿಯ ಹತ್ತಿರ ಹೋಗಿ, ಕಾಲನ್ನು ಮಡಿಸದೆ ಅದರ ಮೇಲೆ ನೀಳವಾಗಿ ಇಟ್ಟು ಕಟ್ಟುತ್ತಾನೆ. ಮಡಿಸಲಾರದ ಮಂಡಿ ತಿರುಗಲೂ ಆರದು. ಎದುರಾಳಿ ಒಳಮಗ್ಗುಲಿಗೆ ಚೆಂಡು ಎಳೆದಾಗ ನೋಡಿ, ಈತ ತಿರುಗುವುದಿಲ್ಲ, ಸುತ್ತು ಹಾಕಿ ಬರುತ್ತಾನೆ. ಆ ಸುತ್ತಿಗೆ ಬೇಕಾದಷ್ಟು ಹೊತ್ತನ್ನು ಮುಂದಿನ ವರ್ಷ ಯಾರೂ ಕೊಡುವುದಿಲ್ಲ. ಪ್ರೀತಿ ಬೇರೆ, ತಂಡ ಬೇರೆ.’

‘ಪ್ರೀತಿ ಬೇರೆ, ತಂಡ ಬೇರೆ! ಆಹಾ,’ ಎಂದ ಬಸ್ ಕಂಡಕ್ಟರ್. ಅವನ ಅರ್ಧ ಮುಖ ನೊರೆಯಲ್ಲಿತ್ತು. ‘ಇಂಥ ಕಣ್ಣು ನಮ್ಮ ಕಮಿಟಿಯಲ್ಲಿ ಒಬ್ಬನಿಗಿದ್ದಿದ್ರೆ ನಾವು ಈ ಗತಿಗೆ ಬರ್ತಾ ಇರಲಿಲ್ಲ.’

‘ಆಡಿದೋನಿಗೆ ಮಾತ್ರ ಕಾಣೋದು ಇದು,’ ಎಂದ ಅಣ್ಣ. ‘ಈ ಮೂಲೆ ಬಾವುಟ ಅನ್ನೋ ಹೆಸರಲ್ಲಿ ಬರೆಯೋನು ಯಾರೋ ಹಳೇ ಪ್ಲೇಯರ್ ಇರಬೇಕು. ಬರೆದುಕೊಡ್ತೀನಿ ಬೇಕಾದ್ರೆ.’

‘ಆಡಿದವರು ಇಷ್ಟು ಚೆನ್ನಾಗಿ ಬರೆಯಲ್ಲಪ್ಪ,’ ಗೋಡೆ ಪಕ್ಕದ ಬೆಂಚಿನಿಂದ ಡ್ರಾಯಿಂಗ್ ಮೇಷ್ಟ್ರ ದನಿ ಬಂತು. ಅವರು ಕೂದಲು ಕತ್ತರಿಸಿಕೊಳ್ಳಲು ಬರುವುದಲ್ಲ, ಕತ್ತರಿಸಲು ಅಷ್ಟು ಉಳಿದೂ ಇಲ್ಲ. ಪೇಪರಿಗೆ ಮತ್ತು ಜಗಳಕ್ಕೆ ಬರುತ್ತಾರೆ. ‘ಯಾರೋ ವಕೀಲ ಇರಬೇಕು. ಕುತ್ತಿಗೆ ಕೊಯ್ಯೋಕೆ ಮುಂಚೆ ಇಷ್ಟು ನಯವಾಗಿ ಮಾತಾಡೋರು ಅವರೇ.’

ಅವಳು ಉಳಿದ ಮೆಟ್ಟಿಲಿಳಿದು ತಟ್ಟೆಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟಳು. ಕನ್ನಡಿಯಲ್ಲಿ ಮೂವರು ಗಂಡಸರು ಕಂಡರು, ಅವರ ನಡುವೆ ಯಾರೋ ದಾರಿ ತಪ್ಪಿ ಬಂದವರ ಹಾಗೆ ತನ್ನ ಮುಖ. ಹತ್ತು ಹದಿನೈದು ದಿನಗಳಿಂದ ಈ ಅಂಗಡಿಯಲ್ಲಿ ಬೇರೆ ಮಾತಿಲ್ಲ. ಊರಿನ ಫುಟ್‌ಬಾಲ್ ಕ್ಲಬ್ಬಿನ ಬಲಬದಿಯ ರಕ್ಷಕ, ಊರೆಲ್ಲ ‘ಬೇಲಿ’ ಎಂದು ಕರೆಯುವ ಮನುಷ್ಯ; ಅವನನ್ನು ಬಂದರಿನ ಕ್ಲಬ್ಬಿಗೆ ಕೊಟ್ಟು, ಅಲ್ಲಿಂದ ಒಬ್ಬ ಎಳೆಯ ಮುನ್ನಡೆ ಆಟಗಾರನನ್ನು ತರುವುದೋ ಬೇಡವೋ ಎಂಬುದು ಪ್ರಶ್ನೆ. ಬಂದರಿನವನಿಗೆ ಇಲ್ಲಿಯವರು ಅವನು ಬರುವ ಮೊದಲೇ ‘ಚಿಗರೆ’ ಎಂದು ಹೆಸರಿಟ್ಟಿದ್ದರು. ಸಣ್ಣ ಕ್ಲಬ್ಬು. ದೊಡ್ಡ ಕ್ಲಬ್ಬುಗಳ ಹಾಗೆ ಮುಚ್ಚಿದ ಕೋಣೆಯಲ್ಲಿ ಕೊಡು-ಕೊಳ್ಳುವುದು ನಡೆಯುವುದಿಲ್ಲ. ವರ್ಷಕ್ಕೊಮ್ಮೆ ಸದಸ್ಯರೆಲ್ಲ ಮೈದಾನದ ಮರದ ಮೆಟ್ಟಿಲುಗಳ ಮೇಲೆ ಕೂತು ಕೈ ಎತ್ತುತ್ತಾರೆ, ಹೆಚ್ಚು ಕೈ ಯಾವ ಕಡೆಗೋ ಅದೇ ಆಯಿತು. ಇವತ್ತು ಸಂಜೆ ಕೈ ಎತ್ತುವ ದಿನ.

‘ಗೋಲು ಹೊಡೆಯೋರೇ ಇಲ್ದೆ ಬರೀ ಬೇಲಿ ಕಟ್ಕೊಂಡು ಏನು ಮಾಡೋದು ಮೇಷ್ಟ್ರೇ? ಹೊಲದಲ್ಲಿ ಬೆಳೆ ಬೇಡ್ವಾ?’ ಎಂದ ಕಂಡಕ್ಟರ್.

‘ನಿನ್ನ ಚಿಗರೆ ಓಡುತ್ತೆ, ಒಪ್ದೆ. ಚೆಂಡು ಬಿಟ್ಟು ಓಡುತ್ತೆ. ನಾನು ನೋಡಿದೀನಿ. ಅದು ಬಂದ ಮೇಲೆ ಬೆಳೇನೂ ಇಲ್ಲ, ಬೇಲೀನೂ ಇಲ್ಲ.’

‘ಹೋದ ತಿಂಗಳು ನಮ್ಮ ಗೋಲಿಗೇ ಹೊಡೆದ್ರಲ್ಲ ನಿಮ್ಮ ಬೇಲಿ, ಅದನ್ನೂ ನೋಡಿದ್ರಾ? ಬೇಲಿಯೇ ಎದ್ದು ಹೊಲ ಮೇಯ್ತು!’ ಕಂಡಕ್ಟರ್ ನಗುವ ಭರಕ್ಕೆ ಅಣ್ಣ ಕತ್ತಿಯನ್ನು ಮೇಲೆತ್ತಿ ಹಿಡಿದ. ‘ಅಲ್ಲಾಡಬೇಡ ಮಾರಾಯ, ಕಿವಿ ಹೋದೀತು. ಟಿಕೆಟ್ ಕೊಡೋಕೆ ಕಿವಿ ಬೇಕು ನಿಂಗೆ.’

ಅವಳು ತಿರುಗಿ ಮೆಟ್ಟಿಲ ಕಡೆ ಹೋಗುವಾಗ ಕಂಡಕ್ಟರ್ ಕನ್ನಡಿಯಲ್ಲೇ ಅವಳನ್ನು ನೋಡಿ, ‘ಏನಮ್ಮಾ, ನೀನೂ ಮೆಂಬರ್ ಅಲ್ವಾ? ನೀನೇನಂತೀಯಾ, ಬೇಲಿ ಇರಬೇಕಾ ಹೋಗಬೇಕಾ?’ ಎಂದ. ಮಗುವಿನ ಬಾಯಲ್ಲಿ ಪದ್ಯ ಹೇಳಿಸುವಾಗಿನ ಅಕ್ಕರೆ ಅದರಲ್ಲಿತ್ತು. ‘ನನಗೇನು ಗೊತ್ತಾಗುತ್ತೆ,’ ಎಂದಳು. ಅವಳು ನಿರೀಕ್ಷಿಸಿದ್ದಕ್ಕಿಂತಲೂ ಚಿಕ್ಕದಾಗಿ ಹೊರಟಿತು ದನಿ. ‘ಅವಳಿಗೆ ಆಫ್‌ಸೈಡೂ ಒಂದೇ ಕಾರ್ನರ್ರೂ ಒಂದೇ,’ ಅಣ್ಣ ಹೇಳಿದ. ‘ಅಪ್ಪ ಮಾಡಿಸಿಟ್ಟ ಮೆಂಬರ್‌ಶಿಪ್ಪು, ಸುಮ್ನೆ ಇದೆ.’ ಅವನು ಕೆಟ್ಟವನಲ್ಲ. ಅವಳು ಡಿಗ್ರಿ ಮುಗಿಸಿದಾಗ ಅಂಗಡಿಗೆ ಬಂದವರಿಗೆಲ್ಲ ಒಂದು ವಾರ ಹೇಳಿಕೊಂಡಿದ್ದ. ಆದರೆ ಅಪ್ಪ ಅವಳ ಕೈ ಹಿಡಿದು ಮೈದಾನದ ಮೂಲೆಯಲ್ಲಿ, ಬಾವುಟದ ಹಿಂದೆ, ಯಾರೂ ನಿಲ್ಲದ ಆ ಜಾಗದಲ್ಲಿ ನಿಲ್ಲಿಸಿ, ‘ಚೆಂಡನ್ನ ನೋಡಬೇಡ, ಅದನ್ನ ಎಲ್ರೂ ನೋಡ್ತಾರೆ. ಚೆಂಡಿಲ್ಲದವನ ಕಾಲು ನೋಡು,’ ಎಂದು ಹೇಳಿಕೊಡುತ್ತಿದ್ದಾಗ ಅಣ್ಣ ಎತ್ತರದ ಮೆಟ್ಟಿಲ ಮೇಲೆ ಗೆಳೆಯರೊಟ್ಟಿಗೆ ಪೀಪಿ ಊದುತ್ತಿದ್ದ. ಅಭಿಮಾನಿಗಳ ಪುಟದಲ್ಲಿ ಬರೆಯಲು ಹೆಸರು ಬೇಕೆಂದು ಫೋನು ಕೇಳಿದಾಗ ಅವಳ ಬೆರಳು ತಾನಾಗಿ ಮೂಲೆ ಬಾವುಟ ಎಂದು ಒತ್ತಿತ್ತು. ಮೊದಲ ಬರಹಕ್ಕೆ ಯಾರೋ ‘ಗುರುಗಳೇ ನಮಸ್ಕಾರ’ ಎಂದು ಬರೆದಿದ್ದರು. ಅವತ್ತು ಅವಳು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಆ ಎರಡು ಪದವನ್ನು ಮತ್ತೆ ಮತ್ತೆ ಓದಿದ್ದಳು. ಅವಳನ್ನು ಅದುವರೆಗೆ ಯಾರೂ ಏನೂ ಕೇಳಿರಲಿಲ್ಲ. ಈಗ ಗುರುತಿಲ್ಲದ ಗಂಡಸರು, ಗಡ್ಡ ಮೀಸೆಯ ಚಿತ್ರ ಹಾಕಿಕೊಂಡವರು, ‘ಗುರುಗಳು ಏನಂತಾರೆ?’ ಎಂದು ಕಾಯುತ್ತಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಿನಾ ಕೇಳಿಕೊಳ್ಳುವುದನ್ನೇ ಮತ್ತೆ ಕೇಳಿಕೊಂಡಳು: ನಾನು ನೋಡಿದ್ದೆನೋ, ಕೇಳಿದ್ದೆನೋ? ಕಂಬಿಯ ಮೇಲೆ ನೀಳವಾಗಿ ಚಾಚಿದ ಆ ಕಾಲನ್ನು ಅವಳು ಕಣ್ಣಾರೆ ಕಂಡದ್ದು ನಿಜ. ಮಳೆ ನಿಂತ ಒಂದು ಮಧ್ಯಾಹ್ನ, ಕೆಸರು ಹತ್ತಿದ ಬಿಳಿ ಲೇಸು, ಅವನ ಬೆನ್ನು ಅವಳ ಕಡೆ. ಅದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಹುದು. ಆದರೆ ಹನ್ನೊಂದು ಜನರ ಇಪ್ಪತ್ತೆರಡು ಕಾಲುಗಳಲ್ಲಿ ಆ ಒಂದೇ ಕಾಲಿನ ಮೇಲೆ ಅವಳ ಕಣ್ಣು ಯಾಕೆ ಹೋಗಿ ಕೂತಿತು? ಅದಕ್ಕೆ ಒಂದು ವಾರ ಹಿಂದೆ ಕೆಲಸದ ಮೇಜಿನಲ್ಲಿ ಪಕ್ಕದವಳು, ಬೇಲಿಯ ಹೆಂಡತಿ, ಕಿತ್ತಳೆ ಸುಲಿಯುತ್ತ, ‘ಎದ್ದ ತಕ್ಷಣ ಅವರಿಗೆ ಮಂಡಿ ಮಡಚೋಕೇ ಆಗಲ್ಲ ಕಣೇ. ಎಡಗಾಲಿನ ಲೇಸು ನಾನೇ ಕಟ್ಟೋದು. ಅಷ್ಟು ಹೊತ್ತು ಅವರು ಕಿಟಕಿ ಕಡೆ ನೋಡ್ತಾ ಕೂತಿರ್ತಾರೆ. ಒಬ್ಬರ ಮುಖ ಒಬ್ಬರು ನೋಡಲ್ಲ,’ ಎಂದಿದ್ದಳು. ಹೇಳಿ ಒಂದು ತೊಳೆಯನ್ನು ಇವಳ ಅಂಗೈಯಲ್ಲಿಟ್ಟಿದ್ದಳು. ಇವಳು ತಿಂದಿದ್ದಳು. ಆಮೇಲೆ ಹೋಗಿ ನೋಡಿದ್ದಳು. ಆಮೇಲೆ ಬರೆದಿದ್ದಳು. ಬರೆಯುವಾಗ ಕೈ ನಡುಗಲಿಲ್ಲವಲ್ಲ, ಎಂಬುದೇ ಈಗ ಅವಳನ್ನು ಹೆಚ್ಚು ಹೆದರಿಸುತ್ತಿತ್ತು. ‘ಪ್ರೀತಿ ಬೇರೆ, ತಂಡ ಬೇರೆ’ ಎಂಬ ಸಾಲು ಬಂದಾಗ ಎಷ್ಟು ಖುಷಿಯಾಗಿತ್ತು. ಆ ಖುಷಿಗೆ ಮುಖವಿರಲಿಲ್ಲ, ಮಂಡಿಯಿರಲಿಲ್ಲ. ವಾಕ್ಯ ಮಾತ್ರ ಇತ್ತು.

ಬರಹ ಹೊರಬಿದ್ದ ಮೇಲಿನ ಆಟದಲ್ಲಿ ಅವನು ಎಡ ಬೂಟಿನ ಕಡೆ ಬಗ್ಗಿ ನೋಡಿದ್ದೇ ತಡ, ಮೆಟ್ಟಿಲುಗಳ ಮೇಲಿಂದ ಯಾರೋ ‘ಲೇಸ್!’ ಎಂದು ಕೂಗಿದರು. ಇನ್ನೊಬ್ಬ ಕೂಗಿದ. ಆಮೇಲೆ ಎಲ್ಲರೂ, ಚಪ್ಪಾಳೆಯ ತಾಳ ಹಾಕಿ, ಲೇಸ್, ಲೇಸ್, ಲೇಸ್. ಕಂಬಿಯ ಕಡೆ ಹೊರಟಿದ್ದವನು ನಿಂತ. ಸಡಿಲ ಲೇಸನ್ನು ಎಳೆದುಕೊಂಡೇ ಅರ್ಧ ಆಟ ಆಡಿದ. ಅವಳು ಬಾವುಟದ ಹಿಂದೆ ನಿಂತಿದ್ದಳು. ಆ ಲೇಸು ಹುಲ್ಲಿನ ಮೇಲೆ ಹಾವಿನ ಮರಿಯ ಹಾಗೆ ಅವನ ಹಿಂದೆ ಹಿಂದೆ ಹೋಗುವುದನ್ನು, ಚೆಂಡನ್ನು ಬಿಟ್ಟು, ಅಪ್ಪ ಹೇಳಿಕೊಟ್ಟ ಹಾಗೆಯೇ, ನೋಡುತ್ತಿದ್ದಳು.

ಹಲ್ಲುಸೆಟ್ಟು ಮಾಡುವ ಲ್ಯಾಬಿನಲ್ಲಿ ಅಂದು ಅರ್ಧ ದಿನದ ಕೆಲಸ. ಕಿಟಕಿಗೆ ಎದುರಾಗಿ ಒಂದು ಉದ್ದ ಮೇಜು, ಮೇಲೆ ಸಾಲಾಗಿ ಪ್ಲಾಸ್ಟರಿನ ದವಡೆಗಳು, ಪ್ರತಿಯೊಂದರ ಅಡಿಯಲ್ಲಿ ಪೆನ್ಸಿಲಿನಲ್ಲಿ ಡಾಕ್ಟರ ಗುರುತು. ಅವಳ ಕೆಲಸ ಮೇಣದ ಒಸಡಿನಲ್ಲಿ ಹಲ್ಲು ಕೂರಿಸುವುದು. ಚಿಕ್ಕ ಚಾಕುವನ್ನು ದೀಪದ ಉರಿಗೆ ಹಿಡಿದು, ಮೇಣ ಕರಗಿಸಿ, ಒಂದೊಂದೇ ಹಲ್ಲನ್ನು ಒತ್ತಿ ನಿಲ್ಲಿಸುವುದು. ಪಕ್ಕದಲ್ಲಿ ಬೇಲಿಯ ಹೆಂಡತಿ, ಅವಳು ‘ಅಕ್ಕ’ ಎಂದು ಕರೆಯುವವಳು, ತಯಾರಾದ ಸೆಟ್ಟುಗಳನ್ನು ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಹಲ್ಲುಗಳನ್ನು ಗೆರೆ ಹೊಡೆದ ಹಾಗೆ ನೆಟ್ಟಗೆ ಕೂರಿಸಿದಾಗ ಅಕ್ಕನೇ ಹೇಳಿಕೊಟ್ಟಿದ್ದು: ‘ಒಂದು ಹಲ್ಲು ಚೂರು ಸೊಟ್ಟ ಇಡು. ಇಲ್ಲಾಂದ್ರೆ ನಕ್ಕ ತಕ್ಷಣ ಕಟ್ಟಿಸಿದ್ದು ಅಂತ ಗೊತ್ತಾಗುತ್ತೆ.’ ಇವತ್ತು ಅಕ್ಕ ಒಂದೇ ಸೆಟ್ಟನ್ನು ಬಹಳ ಹೊತ್ತು ಉಜ್ಜುತ್ತಿದ್ದಳು. ಒಳಗಿನ ಕೋಣೆಯಿಂದ ಯಜಮಾನರು, ‘ಏನಮ್ಮಾ, ಸವೆದು ಹಾಲುಹಲ್ಲು ಆದೀತು ಅದು,’ ಎಂದರು. ಅಕ್ಕ ನಕ್ಕಳು, ಚಕ್ರ ನಿಲ್ಲಿಸಿದಳು, ನಗು ಚಕ್ರಕ್ಕಿಂತ ಮೊದಲೇ ನಿಂತಿತು.

ಊಟದ ಡಬ್ಬಿ ತೆರೆದಾಗ ಅಕ್ಕ ತಾನಾಗಿಯೇ ಮಾತು ತೆಗೆದಳು. ‘ಇನ್ನೊಂದು ವರ್ಷ ಇಲ್ಲೇ ಆಡಿದ್ರೆ ಸಾಕಾಗಿತ್ತು ಕಣೇ. ಆಮೇಲೆ ಮಕ್ಕಳ ತಂಡಕ್ಕೆ ಕೋಚ್ ಮಾಡ್ತೀವಿ ಅಂದಿದ್ರು ಕಮಿಟಿಯವ್ರು. ಬಾಯಿಮಾತು ಅಷ್ಟೆ. ಬಂದರಿನವ್ರು ಇವರನ್ನ ಆಡ್ಸೋಕೆ ಕರೀತಿಲ್ಲ. ಚಿಗರೇನ ಕೊಡೋಕೆ ಲೆಕ್ಕಕ್ಕೊಂದು ತಲೆ ಬೇಕು ಅವ್ರಿಗೆ. ಅಲ್ಲಿ ಹೋಗಿ ಬೆಂಚು ಬಿಸಿ ಮಾಡ್ಕೊಂಡು ಕೂತ್ರೆ, ಮುಂದಿನ ವರ್ಷ ಅವರೂ ಬೇಡ ಅಂತಾರೆ, ಇವರೂ ಮರೆತಿರ್ತಾರೆ.’ ಅವಳು ಅನ್ನವನ್ನು ಕಲಸುತ್ತಲೇ ಇದ್ದಳು. ‘ಚೆಂಡು ಬಿಟ್ರೆ ಆ ಮನುಷ್ಯನಿಗೆ ಏನು ಬರುತ್ತೆ ಹೇಳು? ಮನೇಲಿ ಬಲ್ಬು ಹಾಕೋದೂ ನಾನೇ.’

‘ಡಾಕ್ಟರ್‌ಗೆ ತೋರಿಸಿದ್ರಾ ಅಕ್ಕ?’ ಎಂದು ಕೇಳಿದಳು. ಕೇಳಿದ ತಕ್ಷಣ ಆ ಪ್ರಶ್ನೆಯ ಮುಗ್ಧತೆಯಿಂದ ಅವಳಿಗೇ ನಾಚಿಕೆಯಾಯಿತು. ಕಳ್ಳ ಮನೆಯವರ ಜೊತೆ ಸೇರಿ ಬೀಗ ಹುಡುಕಿದ ಹಾಗೆ.

‘ತೋರಿಸಿದ್ರೆ ಕ್ಲಬ್ಬಿಗೆ ಗೊತ್ತಾಗುತ್ತೆ ಅಂತ ತೋರಿಸಲಿಲ್ಲ. ಈಗ ಊರಿಗೇ ಗೊತ್ತಾಯ್ತು.’ ಅಕ್ಕ ತಲೆ ಎತ್ತಲಿಲ್ಲ. ‘ಅದೇನೋ ಬಾವುಟ ಅಂತೆ. ಮನೆಯೊಳಗೆ ಬಂದು, ಮಂಚದ ಪಕ್ಕ ನಿಂತು ನೋಡಿದ ಹಾಗೆ ಬರೆದಿದೆ. ಇವರು ಅದನ್ನ ಓದಿ ನನ್ನ ಕೇಳಿದ್ರು, ನೀನು ಯಾರಿಗಾದ್ರೂ ಹೇಳಿದ್ಯಾ ಅಂತ. ಮಕ್ಕಳ ತಲೆ ಮುಟ್ಟಿ ಇಲ್ಲ ಅಂದೆ.’ ಆಮೇಲೆ, ‘ನಿನಗೆ ಹೇಳಿದ್ದು ಹೇಳಿದ ಹಾಗಾ? ಗೋಡೆಗೆ ಹೇಳಿದ ಹಾಗೆ,’ ಎಂದು ನಕ್ಕು, ಡಬ್ಬಿಯಿಂದ ಒಂದು ಚಮಚ ತರಕಾರಿಯನ್ನು ಅವಳ ಡಬ್ಬಿಗೆ ಹಾಕಿದಳು. ಈಗ ಹೇಳಬೇಕು, ಈಗಲೇ, ಎಂದು ಅವಳು ನೀರು ಕುಡಿದಳು. ಮೇಜಿನ ಮೇಲಿನ ದವಡೆಗಳೆಲ್ಲ ಬಾಯಿ ತೆರೆದುಕೊಂಡಿದ್ದವು. ಅಷ್ಟು ಬಾಯಿಗಳ ನಡುವೆ ಅವಳದೊಂದು ತೆರೆಯಲಿಲ್ಲ.

‘ಆ ಬಾವುಟ ಇನ್ನೊಂದು ಸಲ ಬರೆದ್ರೆ ಜನ ಕೇಳ್ತಾರೋ ಏನೋ,’ ಅಕ್ಕ ಕಿಟಕಿಯ ಕಡೆ ನೋಡುತ್ತ ಅಂದಳು. ‘ಒಂದು ವರ್ಷ ಇರ್ಲಿ ಅಂತ. ಅಷ್ಟು ಬರೆದ್ರೆ ಏನು ಕಳ್ಕೋತಾನೆ ಆತ? ಯಾರು ಅಂತ ಗೊತ್ತಿದ್ರೆ ಕಾಲಿಗೆ ಬೀಳ್ತಿದ್ದೆ.’ ಆಮೇಲೆ ದನಿ ಬದಲಿಸಿ, ‘ಸಂಜೆ ನನ್ನ ಜೊತೆ ಬರ್ತೀಯಾ? ನಾನು ಮೆಂಬರ್ ಅಲ್ಲ, ಮಾತಾಡೋ ಹಾಗಿಲ್ಲ. ಸುಮ್ನೆ ಕೂತ್ಕೋತೀನಿ. ಒಬ್ಬಳೇ ಹೋಗೋಕೆ ಹೆದರಿಕೆ. ಅವರಂತೂ ಬರಲ್ಲ,’ ಎಂದಳು. ‘ಬರ್ತೀನಿ ಅಕ್ಕ,’ ಎಂದಳು ಅವಳು. ಬೇರೆ ಏನು ಹೇಳಲು ಸಾಧ್ಯವಿತ್ತು.

ಪ್ಲಾಸ್ಟರ್ ಕಲಸುವ ಹಿಂದಿನ ಕೋಣೆಯಲ್ಲಿ, ಚೀಲಗಳ ಮೇಲೆ ಕೂತು, ಅವಳು ಫೋನು ತೆಗೆದಳು. ಬೆರಳುಗಳಿಗೆ ಬಿಳಿ ಪುಡಿ ಅಂಟಿತ್ತು. ಒಳ್ಳೆಯದು ಏನು ನೋಡಿದ್ದೇನೆ ಎಂದು ನೆನಪಿಸಿಕೊಂಡಳು. ಎಳೆಯ ಗೋಲ್‌ಕೀಪರ್ ಚೆಂಡು ಬಿಟ್ಟುಕೊಟ್ಟಾಗ ಉಳಿದವರೆಲ್ಲ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರೆ, ಬೇಲಿ ಬಲೆಯೊಳಗಿಂದ ಚೆಂಡನ್ನು ತಾನೇ ಎತ್ತಿಕೊಂಡು ಬಂದು, ಆ ಹುಡುಗನ ತಲೆಗೆ ಅದರಿಂದ ಮೆಲ್ಲಗೆ ಮೊಟಕಿದ್ದು. ಅವನು ಆಡುವಾಗ ಬಾಯಿ ನಿಲ್ಲಿಸದೆ ಎಲ್ಲರನ್ನೂ ಅವರವರ ಜಾಗಕ್ಕೆ ಕರೆಯುತ್ತಲೇ ಇರುವುದು. ಮೂಲೆಯಲ್ಲಿ ನಿಂತವರಿಗೆ ಮಾತ್ರ ಅದು ಕೇಳುತ್ತದೆ. ಅವಳು ಬರೆದಳು. ಓದಿದಳು. ನಿಜವೇ ಎಲ್ಲ, ಆದರೆ ಯಾರಿಗೋ ಸಮಾಧಾನ ಹೇಳುವ ದನಿ ಅದರಲ್ಲಿ ಬಂದುಬಿಟ್ಟಿತ್ತು, ಆಸ್ಪತ್ರೆಯಲ್ಲಿ ರೋಗಿಯ ಎದುರು ಮುಖದಲ್ಲಿ ಕಳೆ ಬಂದಿದೆ ಎಂದ ಹಾಗೆ. ಮೊದಲ ಬರಹದಲ್ಲಿ ಒಂದು ಕಡೆಯೂ ಸಿಗದಿದ್ದ ‘ದಯವಿಟ್ಟು’ ಎಂಬ ಪದ ಕೊನೆಯ ಸಾಲಿನಲ್ಲಿ ಕೂತಿತ್ತು. ಅಳಿಸಿದಳು. ಮತ್ತೆ ಬರೆದಳು. ಯಜಮಾನರು ‘ಬಾಗಿಲು ಹಾಕ್ತೀನಮ್ಮ’ ಎಂದು ಕೂಗಿದಾಗ ಕಣ್ಣು ಮುಚ್ಚಿ ಕಳಿಸಿಬಿಟ್ಟಳು.

ಮನೆಗೆ ಬರುವಷ್ಟರಲ್ಲಿ ಅಂಗಡಿಯಲ್ಲಿ ತೀರ್ಪಾಗಿತ್ತು. ‘ಇದು ಅವನ ಕೈಯಲ್ಲ,’ ಅಣ್ಣ ಹೇಳುತ್ತಿದ್ದ. ‘ಯಾರೋ ಫೋನ್ ಕದ್ದು ಬರೆದಿದ್ದಾರೆ. ಮೂಲೆ ಬಾವುಟ ದಯವಿಟ್ಟು ಅಂತಾನಾ? ಅವನು ಅವರಪ್ಪನಿಗೂ ದಯವಿಟ್ಟು ಅನ್ನೋನಲ್ಲ.’

‘ಬೇಲಿ ಕಡೆಯವ್ರು ಏನೋ ತಿನ್ನಿಸಿದ್ದಾರೆ ಬಿಡು,’ ಎಂದ ಕಂಡಕ್ಟರ್. ಬೆಳಿಗ್ಗೆ ಬೋಳಿಸಿದ ಕೆನ್ನೆಯನ್ನು ಸವರಿಕೊಳ್ಳುತ್ತ ಡ್ಯೂಟಿ ಮುಗಿಸಿ ಮತ್ತೆ ಬಂದಿದ್ದ. ‘ಗೋಲ್‌ಕೀಪರ್ ತಲೆಗೆ ಮೊಟಕಿದನಂತೆ! ತಲೆಗೆ ಮೊಟಕೋಕೆ ಬಂದ್ರೆ ಸಾಕು ಅಂದ್ಮೇಲೆ ನಮ್ಮಜ್ಜೀನೂ ಆಡಿಸಬಹುದು.’

‘ಎರಡನೇದು ಮನುಷ್ಯ ಬರೆದಿದ್ದು,’ ಎಂದರು ಮೇಷ್ಟ್ರು, ಪೇಪರಿನ ಹಿಂದಿನಿಂದ. ‘ಅದಕ್ಕೇ ನಿಮಗೆ ಅನುಮಾನ.’ ಅವಳು ಒಣಗಿದ ಟವೆಲುಗಳನ್ನು ಮಡಿಸುತ್ತ ನಿಂತಿದ್ದಳು. ಅದೂ ನಾನೇ, ಇದೂ ನಾನೇ, ಎಂದು ಹೇಳಿದರೆ ಹೇಗಿರುತ್ತದೆ? ನಗುತ್ತಾರೆ. ಮೊದಲು ಕಂಡಕ್ಟರ್ ನಗುತ್ತಾನೆ, ಆಮೇಲೆ ಅಣ್ಣ, ಆಮೇಲೆ ತಾನೂ ಅವರೊಡನೆ ನಕ್ಕುಬಿಡುತ್ತೇನೆ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಕೊಲ್ಲುವ ಮಾತಿಗೆ ಊರು ಬೆಲೆ ಕೊಟ್ಟಿತ್ತು. ಉಳಿಸುವ ಮಾತಿನ ಸಹಿಯೇ ಸುಳ್ಳೆಂದಿತು.

ಮೈದಾನದ ಗೇಟಿನಲ್ಲಿ ಅಕ್ಕ ಕಾಯುತ್ತಿದ್ದಳು, ಒಳ್ಳೆಯ ಬಟ್ಟೆ ಹಾಕಿಕೊಂಡು, ಮದುವೆಮನೆಗೆ ಬಂದವಳ ಹಾಗೆ. ಇಬ್ಬರೂ ಮೆಟ್ಟಿಲ ತುದಿಯಲ್ಲಿ, ಹಿಂದಿನ ಸಾಲಿನಲ್ಲಿ ಕೂತರು. ಬಿಸಿಲಿನ್ನೂ ಇತ್ತು. ಆಟವಿಲ್ಲದ ಮೈದಾನ ಎಷ್ಟು ಚಿಕ್ಕದಾಗಿ ಕಾಣುತ್ತದೆಂದು ಅವಳಿಗೆ ಆಶ್ಚರ್ಯವಾಯಿತು; ಒಬ್ಬ ಮನುಷ್ಯನ ಬದುಕು ಇಷ್ಟರಲ್ಲಿ ಓಡಾಡಿತ್ತು. ಕೆಳಗೆ ಮೇಜು ಹಾಕಿಕೊಂಡು ಅಧ್ಯಕ್ಷರು, ಔಷಧಿ ಅಂಗಡಿಯ ದಪ್ಪ ಮನುಷ್ಯ, ಗಂಟಲು ಸರಿಮಾಡಿಕೊಂಡರು. ಕೆಲವರು ತಿರುಗಿ ಅಕ್ಕನನ್ನು ನೋಡಿ, ಬೇಗ ಮುಖ ತಿರುಗಿಸಿಕೊಂಡರು. ಸಾಯುವ ಮುಂಚೆಯೇ ಸಾವಿನ ಮನೆಗೆ ಬಂದವರ ಹಾಗೆ. ಚಿಗರೆಯ ಗುಣಗಾನವಾಯಿತು. ಮೇಷ್ಟ್ರು ಎದ್ದು, ‘ಒಂಬತ್ತು ವರ್ಷ ನಮ್ಮ ಬಾಗಿಲು ಕಾದವನು,’ ಎಂದು ಶುರುಮಾಡಿ, ಮುಗಿಸದೆ ಕೂತರು. ಆಮೇಲೆ ಅಣ್ಣ ಎದ್ದ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ‘ನಾನು ಹೇಳೋದೇನೂ ಇಲ್ಲ. ತಿಳಿದವರು ಹೇಳಿದ್ದನ್ನ ಓದ್ತೀನಿ,’ ಎಂದು ಫೋನು ತೆಗೆದ. ‘ಈತ ಎಡಗಾಲಿನ ಲೇಸು ಕಟ್ಟಲು ಮಂಡಿಯೂರುವುದಿಲ್ಲ...’

ಪಕ್ಕದಲ್ಲಿ ಅಕ್ಕನ ಉಸಿರು ಕೇಳುತ್ತಿತ್ತು. ಪ್ರತಿ ವಾಕ್ಯವೂ ಕೆಳಗಿನಿಂದ ಹೊರಟು, ಸಾಲುಸಾಲು ತಲೆಗಳನ್ನು ದಾಟಿ, ಮೆಟ್ಟಿಲ ತುದಿಯವರೆಗೆ ಬಂದು, ಅವರಿಬ್ಬರ ನಡುವಿನ ಗೇಣು ಜಾಗದಲ್ಲಿ ಬೀಳುತ್ತಿತ್ತು. ಎಷ್ಟು ಚೆನ್ನಾದ ವಾಕ್ಯಗಳು. ಇಷ್ಟರ ನಡುವೆಯೂ ಅವಳ ಒಳಗಿನ ಯಾರೋ ಒಬ್ಬರು ಒಂದು ಪದ ಕೇಳಿ, ಅದು ಸರಿಯಾಗಿ ಕೂತಿದೆ ಎಂದುಕೊಂಡರು. ಆ ಯಾರೋ ಒಬ್ಬರ ಮೇಲೆ ಅವಳಿಗೆ ಅಸಹ್ಯ ಬಂತು. ಕೆಳಗೆ ಅಧ್ಯಕ್ಷರು, ‘ಕೈ ಎತ್ತೋಕೆ ಮುಂಚೆ ಇನ್ಯಾರಾದ್ರೂ ಮಾತಾಡೋರಿದ್ರೆ...’ ಎನ್ನುತ್ತಿದ್ದರು. ಅವಳು ಎದ್ದಳು. ಎದ್ದದ್ದು ಅವಳೇ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಎದೆಯಲ್ಲಿ ಒಂದು ವಿಚಿತ್ರ ಹಗುರವಿತ್ತು: ಮೂರೇ ಮಾತು, ಆ ಬರಹ ನನ್ನದು. ಎಲ್ಲಿಂದ ಬಂತೆಂದು ಹೇಳುತ್ತೇನೆ, ಬರೀ ನೋಡಿದ್ದಲ್ಲ, ನಂಬಿ ಹೇಳಿದ್ದನ್ನು ಕದ್ದದ್ದೆಂದು ಹೇಳುತ್ತೇನೆ. ನಕ್ಕರೆ ನಗಲಿ, ಉಗಿದರೆ ಉಗಿಯಲಿ. ತಲೆಗಳು ತಿರುಗಿದವು. ಅಣ್ಣ ಕೆಳಗಿನಿಂದ, ‘ಏನೇ? ನೀರು ಬೇಕಾ?’ ಎಂದ.

ಅವಳ ತೋಳನ್ನು ಒಂದು ಕೈ ಹಿಡಿಯಿತು. ಹೊಳಪು ಕೊಡುವ ಪುಡಿಯಿಂದ ಒರಟಾದ ಕೈ.

‘ಕೂತ್ಕೋ,’ ಎಂದಳು ಅಕ್ಕ, ಮೈದಾನದ ಮೇಲಿಟ್ಟ ಕಣ್ಣನ್ನು ತೆಗೆಯದೆ.

‘ಅಕ್ಕ, ನಾನು...’

‘ಗೊತ್ತು. ಕೂತ್ಕೋ.’

ಅವಳು ಕೂತಳು. ಯಾರೋ ನಕ್ಕರು, ತಲೆಗಳು ಮುಂದಕ್ಕೆ ತಿರುಗಿದವು. ‘ಯಾವಾಗ ಗೊತ್ತಾಯ್ತು?’ ಎಂದು ಅವಳು ಕೇಳಿದಳೋ, ಬರೀ ತುಟಿ ಆಡಿಸಿದಳೋ.

‘ಓದಿದ ದಿನಾನೇ. ಲೇಸಿನ ವಿಷಯ ನಾನು ಇನ್ಯಾರ ಹತ್ರ ಹೇಳಿದ್ದೆ?’ ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಎಷ್ಟೋ ಊಟಗಳ ಹಿಂದೆಯೇ ತಣ್ಣಗಾಗಿ ಬೇರೆ ಏನೋ ಆಗಿತ್ತು. ‘ಮಧ್ಯಾಹ್ನ ಬರೆದೆಯಲ್ಲ, ಅದನ್ನೂ ಓದಿದೆ. ನಿನ್ನ ಕೈಲಾದ್ದು ಮಾಡ್ದೆ. ಈಗ ಎದ್ದು ನಿಂತು ನಾನೇ ಅಂದ್ರೆ, ನಿನಗೆ ಯಾರು ಹೇಳಿದ್ದು ಅಂತ ಇವರು ಕೇಳಲ್ವಾ? ನೀನು ಹಗುರ ಆಗ್ತೀಯ. ನಾನು ಮನೆಗೆ ಹೋಗಬೇಕು. ಮಕ್ಕಳ ತಲೆ ಮುಟ್ಟಿ ಇಲ್ಲ ಅಂದಿದೀನಿ ಕಣೇ ಅವರಿಗೆ. ಆಟ ಹೋದ್ರೆ ಹೋಗಲಿ. ಲೇಸು ಕಟ್ಟೋಕೆ ಕಾಲು ಕೊಡ್ತಾರಲ್ಲ ದಿನಾ ಬೆಳಿಗ್ಗೆ, ಅದೊಂದು ಉಳೀಲಿ.’

ಕೈಗಳು ಎದ್ದವು. ಬದಲಾವಣೆ ಬೇಕೆನ್ನುವವರ ಕೈಗಳು, ತೋಳು ಮಡಚಿದವು, ವಾಚು ಕಟ್ಟಿದವು, ಅಣ್ಣನ ಇಸ್ತ್ರಿ ಅಂಗಿಯ ಕೈ ಎಲ್ಲಕ್ಕಿಂತ ಮೇಲೆ. ಬೇಡವೆನ್ನುವವರನ್ನು ಕೇಳಿದಾಗ ಮೇಷ್ಟ್ರು ಎತ್ತಿದರು, ಅಲ್ಲೊಬ್ಬ ಇಲ್ಲೊಬ್ಬ ಮುದುಕರು ಎತ್ತಿದರು, ಅವಳೂ ಎತ್ತಿದಳು. ಎಣಿಸುವವನು ಹಿಂದಿನ ಸಾಲಿನವರೆಗೆ ಬರಲೇ ಇಲ್ಲ, ಬರುವ ಅಗತ್ಯವಿರಲಿಲ್ಲ. ಅಕ್ಕನ ಕೈಗಳು ಮಡಿಲಲ್ಲಿದ್ದವು, ಒಂದರ ಮೇಲೊಂದು, ಸದಸ್ಯರಲ್ಲದವರ ಕೈಗಳು.

ಅಧ್ಯಕ್ಷರು ತೀರ್ಮಾನ ಹೇಳಿದರು. ಬೇಲಿಯ ಸೇವೆಯನ್ನು ನೆನೆದು ಎರಡು ಮಾತಾಡಿದರು. ಆಮೇಲೆ ಕನ್ನಡಕ ತೆಗೆದು, ನಗುತ್ತ, ‘ಈ ಮೂಲೆ ಬಾವುಟ ಯಾರೋ ನಮಗೆ ಗೊತ್ತಿಲ್ಲ. ಇಲ್ಲೇ ನಮ್ಮ ನಡುವೆ ಎಲ್ಲೋ ಕೂತಿರಬಹುದು. ನಾಚಿಕೆ ಇದ್ದ ಹಾಗಿದೆ ಪುಣ್ಯಾತ್ಮನಿಗೆ. ಇರಲಿ, ಆ ಕಣ್ಣಿಗೆ ಒಂದು ಚಪ್ಪಾಳೆ,’ ಎಂದರು. ಎಲ್ಲರೂ ಕತ್ತು ಹೊರಳಿಸಿ ಸುತ್ತ ನೋಡಿದರು, ಗಂಡಸರು ಗಂಡಸರ ಮುಖ ಹುಡುಕಿದರು. ಕಂಡಕ್ಟರ್ ಒಬ್ಬ ವಕೀಲರನ್ನು ತೋರಿಸಿ ಕಣ್ಣು ಹೊಡೆದ. ಚಪ್ಪಾಳೆ ಕೆಳಗಿನ ಸಾಲಿನಲ್ಲಿ ಶುರುವಾಗಿ, ಹಲಗೆಗಳನ್ನು ನಡುಗಿಸುತ್ತ ಮೇಲಕ್ಕೆ ಬಂತು. ಅವಳು ಕಲ್ಲಾಗಿ ಕೂತಿದ್ದಳು. ಪಕ್ಕದಲ್ಲಿ ಎರಡು ಒರಟು ಅಂಗೈಗಳು ಒಂದಕ್ಕೊಂದು ಬಡಿಯುವ ಸದ್ದು ಕೇಳಿತು. ನಿಧಾನ, ಸಮವಾದ ಸದ್ದು. ತಿರುಗಿ ನೋಡಿದಳು. ಬೇಲಿಯ ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು.

‘ತಟ್ಟೇ,’ ಎಂದಳು ಅಕ್ಕ, ತುಟಿ ಅಲ್ಲಾಡಿಸದೆ. ‘ನೋಡ್ತಿದ್ದಾರೆ.’

ಅವಳು ತಟ್ಟಿದಳು.